ಕೌಶಲವೆಂಬ ಹೊದಿಕೆ: ಜೋಡಿ ಎಲೆಯ ಲೆಕ್ಕ ಮತ್ತು ನಮ್ಮ ಮನೆಗಳ ಲೆಕ್ಕ

ನಮ್ಮ ಭಾಗದ ದಿನಪತ್ರಿಕೆಗಳ ಒಳಪುಟಗಳಲ್ಲಿ ಒಂದು ಸುದ್ದಿ ಆಗಾಗ್ಗೆ ಕಾಣಿಸಿಕೊಳ್ಳುತ್ತದೆ. ಹೊಲದ ಬದುವಿನಲ್ಲೋ ಹಳ್ಳದ ದಂಡೆಯಲ್ಲೋ ಅಂದರ್ ಬಾಹರ್ ಆಡುತ್ತಿದ್ದವರ ಮೇಲೆ ಪೊಲೀಸರ ದಾಳಿ. ಇಷ್ಟು ನಗದು ಮತ್ತು 52 ಇಸ್ಪೀಟು ಎಲೆಗಳ ಜಪ್ತಿ. ಒಮ್ಮೆ ಕುಷ್ಟಗಿ, ಒಮ್ಮೆ ಯಲಬುರ್ಗಾ, ಒಮ್ಮೆ ಗಂಗಾವತಿ, ಮತ್ತೊಮ್ಮೆ ಕೊಪ್ಪಳ. ಊರು ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ. ಆ ಪಟ್ಟಿಯಲ್ಲಿ ನಮ್ಮವರ ಹೆಸರೊಂದು ಕಂಡರೆ ಮೊಹಲ್ಲಾದಲ್ಲಿ ಪಿಸುಮಾತು ಏಳುತ್ತದೆ. ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಜಮಾಅತಿನ ಹಿರಿಯರು ತಲೆ ತಗ್ಗಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಜೂಜಿಗೆ ನಾಚುವ ಸಮಾಜವು ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಅದೇ ಮೊಹಲ್ಲಾದಲ್ಲಿ, ಪದವಿ ಪಡೆದ ಯುವಕನೊಬ್ಬ ರಾತ್ರಿಯಿಡೀ ಮೊಬೈಲಿನಲ್ಲಿ ಪೋಕರ್ ಆಡಿ ಬೆಳಗಿನ ನಮಾಝಿನ ಹೊತ್ತಿಗೆ ನಿದ್ದೆಗೆ ಜಾರಿದರೆ ನಾವು ಅದಕ್ಕೆ ಜೂಜು ಎಂಬ ಹೆಸರಿಡುವುದಿಲ್ಲ. ಹುಡುಗ ಬುದ್ಧಿವಂತ, ಲೆಕ್ಕದಲ್ಲಿ ಚುರುಕು, ಮೊಬೈಲಿನಲ್ಲೇ ಸಂಪಾದಿಸುತ್ತಾನೆ ಎನ್ನುತ್ತೇವೆ. ಹಳ್ಳದ ದಂಡೆಯ ಎಲೆಗೂ ಗಾಜಿನ ಪರದೆಯ ಮೇಲಿನ ಎಲೆಗೂ ನಡುವೆ ಹಲಾಲ್-ಹರಾಮಿನ ಗೆರೆಯನ್ನು ಎಳೆದವರು ಯಾರು? ಕುರ್‌ಆನ್ ಎಳೆದಿಲ್ಲ. ಪ್ರವಾದಿ(ಸ)ರೂ ಎಳೆದಿಲ್ಲ. ಆ ಗೆರೆಯನ್ನು ಎಳೆದದ್ದು ಒಂದೇ ಒಂದು ಪದ: ಕೌಶಲ. ಈ ಪದವನ್ನು ಬಿಚ್ಚಿ ನೋಡದೆ ನಾವು ನಮ್ಮ ಮಕ್ಕಳಿಗೆ ಯಾವ ಉಪದೇಶವನ್ನೂ ಮಾಡಲಾರೆವು. ಏಕೆಂದರೆ ಅವರು ನಮ್ಮ ಮುಂದಿಡುವ ಮೊದಲ ಮತ್ತು ಕೊನೆಯ ವಾದ ಅದೇ ಆಗಿದೆ.

ಈ ವಾದಕ್ಕೆ ನ್ಯಾಯಾಲಯದ ಬೆಂಬಲವಿದೆ ಎಂದು ಅವರು ಹೇಳುತ್ತಾರೆ. ಹೌದು, ಇದೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. 1996ರಲ್ಲಿ ಕುದುರೆ ಪಂದ್ಯವನ್ನೂ ಹಾಗೆಯೇ ಪರಿಗಣಿಸಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಳೆಯಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ ಸರಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ಅದೇ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ಆದರೆ ಇವನ್ನೆಲ್ಲ ಬಾಯಿಪಾಠ ಮಾಡಿಕೊಂಡ ಯುವಕರು ಇನ್ನೆರಡು ಸಂಗತಿಗಳನ್ನು ಹೇಳುವುದಿಲ್ಲ. ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲಕನು ಲಾಭ ಗಳಿಸುತ್ತಿದ್ದರೆ ಅದು ಅಪರಾಧವಾಗಬಹುದೆಂದು 1968ರ ಅದೇ ತೀರ್ಪು ಎಚ್ಚರಿಸಿತ್ತು. ಇನ್ನು, 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರನ್ನು ಅದೃಷ್ಟದ ಆಟವೆಂದೇ ಕರೆಯಿತು. ಅವೇ 52 ಎಲೆಗಳು, ಅದೇ ನಿಯಮ. ಆದರೆ ಬೆಂಗಳೂರಿನಲ್ಲಿ ಕೌಶಲ, ಅಹ್ಮದಾಬಾದಿನಲ್ಲಿ ಅದೃಷ್ಟ. ಸತ್ಯವಿಶ್ವಾಸಿಯೊಬ್ಬನು ತನ್ನ ಮಕ್ಕಳ ಅನ್ನದ ಹಲಾಲ್-ಹರಾಮನ್ನು ಇಂತಹ ತೂಗುಯ್ಯಾಲೆಯಲ್ಲಿ ಕೂರಿಸಬಹುದೇ?

ಸರಿ, ಆ ಕೌಶಲವಾದರೂ ಏನು? ಆಟವನ್ನು ನೋಡದೆ ಬೈಯುತ್ತಾರೆ ಎಂಬ ದೂರಿಗೆ ಅವಕಾಶ ಬೇಡ. ಪೋಕರ್ ತರಬೇತಿಯಲ್ಲಿ ಬಹಳ ಪ್ರೀತಿಯಿಂದ ಕಲಿಸುವ ಒಂದು ಅಧ್ಯಾಯವನ್ನೇ ತೆಗೆದುಕೊಳ್ಳೋಣ: ಜೋಡಿ ಎಲೆ ಬಿದ್ದಾಗ ಹೇಗೆ ಆಡಬೇಕು?

ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನ ಕೈಗೆ ಎರಡು ಗುಪ್ತ ಎಲೆಗಳು ಬರುತ್ತವೆ. ನಂತರ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ನಡುವೆ ತೆರೆದಿಡಲಾಗುತ್ತದೆ. ಇದನ್ನು ಫ್ಲಾಪ್ ಎನ್ನುತ್ತಾರೆ. ಆ ಮೂರರಲ್ಲಿ ಎರಡು ಒಂದೇ ಬೆಲೆಯವು, ಉದಾಹರಣೆಗೆ ಒಂದು ರಾಜ ಮತ್ತು ಎರಡು ಏಳು ಆಗಿದ್ದರೆ ಅದು ಜೋಡಿ ಫ್ಲಾಪ್. ನೂರು ಸಲ ಹಂಚಿದರೆ ಸುಮಾರು 17 ಸಲ ಹೀಗೆ ಬೀಳುತ್ತದೆ. ಈಗ ಮೇಜಿನ ಮೇಲಿನ ರಾಶಿಯಲ್ಲಿ 300 ರೂಪಾಯಿ ಇದೆಯೆನ್ನಿ. ನಿಮ್ಮ ಕೈಯಲ್ಲಿ ಏಳು ಇಲ್ಲ, ರಾಜನೂ ಇಲ್ಲ, ಯಾವ ಜೋಡಿಯೂ ಇಲ್ಲ. ಎದುರಿಗಿರುವವನ ಬಳಿ ಉಳಿದ ಎರಡು ಏಳುಗಳಲ್ಲಿ ಒಂದಾದರೂ ಇರುವ ಸಾಧ್ಯತೆ ಎಷ್ಟು? ಅವನ ಎಲೆಗಳ ಬಗ್ಗೆ ಬೇರೇನೂ ಗೊತ್ತಿಲ್ಲದಿದ್ದರೆ ನೂರಕ್ಕೆ ಎಂಟಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಹನ್ನೆರಡು ಸಲಕ್ಕೆ ಒಂದು ಸಲ. ಹೆಚ್ಚಿನ ಬಾರಿ ಅವನ ಬಳಿಯೂ ಗಟ್ಟಿಯಾದುದೇನೂ ಇರುವುದಿಲ್ಲ. ಆದ್ದರಿಂದ ತರಬೇತಿ ಹೇಳುತ್ತದೆ: ಸಣ್ಣ ಪಣ ಒಡ್ಡು, 100 ರೂಪಾಯಿ ಸಾಕು. 300ನ್ನು ಗೆಲ್ಲಲು 100ನ್ನು ಇಡುತ್ತಿರುವೆಯಾದ್ದರಿಂದ ನಾಲ್ಕು ಸಲಕ್ಕೆ ಒಂದು ಸಲ ಅವನು ಹೆದರಿ ಎಲೆ ಚೆಲ್ಲಿದರೂ ನಿನಗೆ ನಷ್ಟವಿಲ್ಲ. ಅದಕ್ಕಿಂತ ಹೆಚ್ಚು ಸಲ ಹೆದರಿದರೆ ಎಲ್ಲವೂ ಲಾಭ.

ನಿಜವಾಗಿಯೂ ಏಳು ನಿನ್ನ ಕೈಯಲ್ಲೇ ಇದ್ದರೆ? ಆಗ ಪಾಠದ ಇನ್ನೊಂದು ಭಾಗ ಶುರುವಾಗುತ್ತದೆ: ನಿನ್ನ ಬಲವನ್ನು ತೋರಿಸಬೇಡ. ಏನೂ ಇಲ್ಲದಾಗ ಇಡುವಷ್ಟೇ ಸಣ್ಣ ಪಣವನ್ನು ಈಗಲೂ ಇಡು. ಕೆಲವೊಮ್ಮೆ ಪಣ ಏರಿಸದೆ ಸುಮ್ಮನಿರು. ಎಂಟರ ಜೋಡಿ ಹಿಡಿದುಕೊಂಡು ತನ್ನದೇ ದೊಡ್ಡದೆಂದು ನಂಬಿದವನು ಕೊನೆಯ ಎಲೆಯವರೆಗೂ ಹಣ ಸುರಿಯುತ್ತಾ ಬರಲಿ.

ಲೆಕ್ಕ ಸರಿಯಾಗಿದೆ, ಅದರಲ್ಲಿ ಚಾತುರ್ಯವೂ ಇದೆ. ಇದು ಬರೀ ಅದೃಷ್ಟವೆಂದು ನಮ್ಮ ಕೆಲವು ಉಪದೇಶಕರು ಹೇಳಿದಾಗ ಹುಡುಗರು ಒಳಗೊಳಗೇ ನಗುತ್ತಾರೆ, ಆ ನಗುವಿಗೆ ಕಾರಣವಿದೆ. ಈ ಆಟದಲ್ಲಿ ಕೌಶಲವಿದೆ ಎಂದು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳೋಣ: ಯಾವುದರ ಕೌಶಲ?

ಇಲ್ಲದವನು ಇದ್ದಂತೆ ನಟಿಸುವ ಮತ್ತು ಇದ್ದವನು ಇಲ್ಲದಂತೆ ನಟಿಸುವ ಕೌಶಲ. ಎದುರಿಗಿರುವ ಮನುಷ್ಯನು ಯಾವಾಗ ಹೆದರುತ್ತಾನೆ, ಯಾವಾಗ ಆಸೆಗೆ ಬೀಳುತ್ತಾನೆ ಎಂದು ಅಳೆಯುವ ಕೌಶಲ. ಕೊಡುವವನೂ ಕೊಳ್ಳುವವನೂ ಸತ್ಯ ನುಡಿದು ಸರಕಿನ ದೋಷವನ್ನು ತೆರೆದು ತೋರಿಸಿದರೆ ಅವರ ವ್ಯವಹಾರದಲ್ಲಿ ಬರ್ಕತ್ ಇದೆಯೆಂದೂ, ಸುಳ್ಳಾಡಿ ಮುಚ್ಚಿಟ್ಟರೆ ಬರ್ಕತ್ ಅಳಿಸಿಹೋಗುತ್ತದೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇರುವ ಬೋಧನೆ ಇದು. ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬ ಮೇಲೆ ಸೋನಾ ಮಸೂರಿ ಹರಡಿ ಕೆಳಗೆ ನುಚ್ಚು ತುಂಬಿದರೆ ನಾವು ಅವನನ್ನು ಕುಶಲಿ ಎನ್ನುತ್ತೇವೆಯೇ? ಮೋಸಗಾರ ಎನ್ನುತ್ತೇವೆ. ವ್ಯಾಪಾರದಲ್ಲಿ ಯಾವುದು ಬರ್ಕತ್ತನ್ನು ಅಳಿಸುತ್ತದೋ ಅದೇ ಈ ಆಟದಲ್ಲಿ ಮೊದಲ ಪಾಠವಾಗಿದೆ.

ಇನ್ನೊಂದು ಮಾತು. ಕೌಶಲವಿರುವುದರಿಂದ ಜೂಜಿನ ಕೆಡುಕು ಕಡಿಮೆಯಾಗುತ್ತದೆ ಎಂಬುದು ತಲೆಕೆಳಗಾದ ತರ್ಕ. ಅಂದರ್ ಬಾಹರಿನಲ್ಲಿ ಆಡುವವರಿಬ್ಬರೂ ಒಂದೇ ಕುರುಡುತನದಲ್ಲಿ ಕುಳಿತಿರುತ್ತಾರೆ. ಕೌಶಲದ ಆಟದಲ್ಲಿ ಒಬ್ಬನಿಗೆ ಕಣ್ಣಿದೆ, ಇನ್ನೊಬ್ಬನಿಗೆ ಇಲ್ಲ. ಬಲ್ಲವನು ಅರಿಯದವನನ್ನು ಗುರಿಯಿಟ್ಟು, ನಿಧಾನವಾಗಿ, ನಿಶ್ಚಿತವಾಗಿ ಬರಿದು ಮಾಡುತ್ತಾನೆ. ಮಹಾಭಾರತದ ಪಗಡೆಯ ಕಥೆ ಗೊತ್ತಿಲ್ಲದ ಮನೆ ನಮ್ಮ ನಾಡಿನಲ್ಲಿ ಯಾವುದಿದೆ? ಆ ಸಭೆಯಲ್ಲಿ ಅತ್ಯಂತ ಕುಶಲನಾದ ಆಟಗಾರ ಶಕುನಿ. ಕುಶಲನೆಂಬ ಕಾರಣಕ್ಕೆ ಅವನನ್ನು ಯಾವ ಹಳ್ಳಿಯ ಬಯಲಾಟವೂ ಖುಲಾಸೆ ಮಾಡಿಲ್ಲ.

ಹಾಗೆಂದು ಕುಶಲಿಯಾದವನು ಗೆದ್ದೇ ಗೆಲ್ಲುತ್ತಾನೆಯೇ? ಅದೂ ಇಲ್ಲ. ಹನ್ನೆರಡಕ್ಕೆ ಒಂದು ಎಂಬ ಲೆಕ್ಕ ತನ್ನ ನಿಜರೂಪ ತೋರಿಸಲು ಸಾವಿರಾರು ಕೈಗಳ ಆಟ ಬೇಕು. ಅಷ್ಟರವರೆಗೆ ಕೈಯಲ್ಲಿ ಹಣ ಉಳಿಯಬೇಕು. ಇದರ ಮೇಲೆ ಆಡಿಸುವವನ ಪಾಲು ಬೇರೆ. ಆರು ಜನ ತಲಾ 1,000 ರೂಪಾಯಿ ತಂದು ಕುಳಿತರೆ ಮೇಜಿನ ಮೇಲಿರುವುದು 6,000. ಎಷ್ಟೇ ಕೌಶಲ ತೋರಿದರೂ ಅದು 6,001 ಆಗಲಾರದು. ಪ್ರತಿ ರಾಶಿಯಿಂದಲೂ ಆಡಿಸುವವನು ತನ್ನ ಪಾಲನ್ನು ಕತ್ತರಿಸುತ್ತಾ ಹೋಗುವುದರಿಂದ ಗಂಟೆಗಳು ಕಳೆದಂತೆ ಅದು 5,500 ಆಗುತ್ತದೆ, 5,000 ಆಗುತ್ತದೆ. ಒಬ್ಬ ಗೆದ್ದು ಎದ್ದರೆ ಅವನ ಜೇಬಿನಲ್ಲಿರುವುದು ಉಳಿದ ಐವರ ಮನೆಯ ಹಿಟ್ಟಿನ, ಔಷಧದ, ಶಾಲೆಯ ಶುಲ್ಕದ ಹಣ. ಅಲ್ಲಿ ಒಂದು ಕಾಳು ಬೆಳೆದಿಲ್ಲ, ಒಂದು ಮೊಳ ಬಟ್ಟೆ ನೇಯ್ದಿಲ್ಲ, ಒಂದು ಮೋಟರು ದುರಸ್ತಿಯಾಗಿಲ್ಲ.

ಈಗ ಇಸ್ಲಾಮ್ ಏನನ್ನು ನಿಷೇಧಿಸಿದೆಯೆಂದು ನೋಡಿ. ಕುರ್‌ಆನ್ ಬಳಸಿದ ಪದ ಮೈಸಿರ್. ಅರಬರು ಬಾಣಗಳನ್ನು ಎತ್ತಿ, ಕೊಯ್ದ ಒಂಟೆಯ ಮಾಂಸದ ಪಾಲುಗಳಿಗಾಗಿ ಆಡುತ್ತಿದ್ದ ಆಟವದು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರೆಂದು ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ಅಂದರೆ ಆ ಜೂಜಿನಲ್ಲಿ ಹಸಿದವನಿಗೆ ಊಟವಿತ್ತು! ಹಾಗಿದ್ದೂ ಅಲ್ ಬಕರಾ ಅಧ್ಯಾಯದ 219ನೇ ಸೂಕ್ತವು ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿರುವುದನ್ನು ಒಪ್ಪಿಕೊಂಡೇ, ಅದರ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ತೀರ್ಮಾನಿಸಿತು. ಆನ್‌ಲೈನ್ ಆಟಗಳಿಂದ ಸರಕಾರಕ್ಕೆ ತೆರಿಗೆ ಬರುತ್ತಿತ್ತು, ಉದ್ಯೋಗ ಸಿಗುತ್ತಿತ್ತು ಎನ್ನುವವರಿಗೆ ಇಲ್ಲಿ ಉತ್ತರವಿದೆ. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಕಟ್ಟಿದ ಹಣದ ಮೇಲೆಯೇ ನೂರಕ್ಕೆ 28ರಷ್ಟು ಜಿಎಸ್‌ಟಿ ಹೇರಲಾಗಿತ್ತು, ನಿಜ. ಒಂಟೆಯ ಮಾಂಸದ ದಾನ ಜೂಜನ್ನು ಶುದ್ಧಗೊಳಿಸದಿದ್ದರೆ ಜಿಎಸ್‌ಟಿ ಶುದ್ಧಗೊಳಿಸುತ್ತದೆಯೇ?

ಅಲ್ ಮಾಇದಾ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ನಿಷೇಧವನ್ನು ಪೂರ್ಣಗೊಳಿಸಿ ಕಾರಣಗಳನ್ನೂ ಕೊಟ್ಟವು. ಪರಸ್ಪರ ಹಗೆತನ ಮತ್ತು ದ್ವೇಷ. ಅಲ್ಲಾಹನ ಸ್ಮರಣೆ ಮತ್ತು ನಮಾಝಿನಿಂದ ತಡೆ. ಇವುಗಳಲ್ಲಿ ಅದೃಷ್ಟ ಎಂಬ ಪದ ಎಲ್ಲಿದೆ? ಕೌಶಲದಿಂದ ಸೋಲಿಸಿದರೆ ಹಗೆತನ ಹುಟ್ಟುವುದಿಲ್ಲವೇ? ಹಣದ ಆಟಕ್ಕೆ ಸಂಗಾತಿಯನ್ನು ಕರೆದಷ್ಟಕ್ಕೇ, ಇನ್ನೂ ಆಡದಿದ್ದರೂ, ಏನಾದರೂ ದಾನ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ) ಆದೇಶಿಸಿದರು. ಹಾಗಿರುವಾಗ ಗೆಳೆಯನನ್ನು ಆ್ಯಪಿಗೆ ಸೇರಿಸಿ ಬೋನಸ್ ಪಡೆದವನ ಸ್ಥಿತಿಯೇನು?

ಕೌಶಲದ ವಾದವನ್ನು ಬೇರುಸಹಿತ ಕೀಳುವ ಇನ್ನೊಂದು ಸಂಗತಿ ಫಿಕ್‌ಹ್‌ನಲ್ಲಿದೆ. ಬಿಲ್ಲುಗಾರಿಕೆ, ಕುದುರೆ ಓಟ, ಒಂಟೆ ಓಟ: ಈ ಮೂರರಲ್ಲಿ ಬಹುಮಾನವಿಡಲು ಪ್ರವಾದಿ(ಸ) ಅನುಮತಿಸಿದ್ದಾರೆ. ಇವು ಕೌಶಲ ಮತ್ತು ಶ್ರಮದ ಸ್ಪರ್ಧೆಗಳು. ಬಹುಮಾನವನ್ನು ಆಡಳಿತಗಾರನೋ ಮೂರನೆಯವನೋ ಕೊಟ್ಟರೆ ತಕರಾರಿಲ್ಲ. ಆದರೆ ಇಬ್ಬರು ಸ್ಪರ್ಧಿಗಳೂ ಹಣ ಕಟ್ಟಿ, ಗೆದ್ದವನು ಎಲ್ಲವನ್ನೂ ಒಯ್ಯುವುದಾದರೆ ಬಹುಪಾಲು ಫುಕಹಾಗಳು ಅಲ್ಲಿಯೂ ಕಠಿಣ ಷರತ್ತು ಹಾಕಿದರು. ಅದು ಜೂಜಿನ ರೂಪ ತಾಳುತ್ತದೆಂದು ಎಚ್ಚರಿಸಿದರು. ಬಾಣ ಬಿಡುವ ಕೈಗಿಂತ ಎಲೆ ಹಿಡಿಯುವ ಕೈ ಹೆಚ್ಚು ಕುಶಲವೇ? ಹಣ ಪಣಕ್ಕಿಲ್ಲದ ಚದುರಂಗದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹಣವಿಟ್ಟು ಆಡುವ ಚದುರಂಗದ ನಿಷೇಧದಲ್ಲಿ ಭಿನ್ನಾಭಿಪ್ರಾಯವಿಲ್ಲ. ಚದುರಂಗಕ್ಕಿಂತ ಶುದ್ಧವಾದ ಕೌಶಲದ ಆಟ ಯಾವುದಿದೆ? ಶರೀಅತ್ ಕೇಳುವುದು ಗೆಲುವು ಹೇಗೆ ಬಂತೆಂದಲ್ಲ. ಹಣ ಯಾವ ದಾರಿಯಲ್ಲಿ ಕೈ ಬದಲಾಯಿಸಿತೆಂದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇಬ್ಬರೂ ಒಪ್ಪಿಯೇ ಆಡುತ್ತಾರಲ್ಲ? ಬಡ್ಡಿಯನ್ನೂ ಕೊಡುವವನು ಮತ್ತು ಪಡೆಯುವವನು ಒಪ್ಪಿಯೇ ಬರೆದುಕೊಳ್ಳುತ್ತಾರೆ. ಒಪ್ಪಿಗೆ ಅದನ್ನು ಹಲಾಲ್ ಮಾಡಲಿಲ್ಲ. ಅನ್ನಿಸಾ ಅಧ್ಯಾಯದ 29ನೇ ಸೂಕ್ತವು ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಅನುಮತಿಸಿತು, ಪರಸ್ಪರ ಒಪ್ಪಿಗೆಯ ಕಬಳಿಕೆಯನ್ನಲ್ಲ. ವ್ಯಾಪಾರದಲ್ಲಿ ಸರಕು ಒಯ್ದವನೂ ಹಣ ಪಡೆದವನೂ ಏನನ್ನಾದರೂ ಗಳಿಸಿ ಮನೆಗೆ ಹೋಗುತ್ತಾರೆ. ಪೋಕರ್ ಮೇಜಿನಲ್ಲಿ ಪ್ರತಿಯೊಬ್ಬನೂ ಒಪ್ಪಿರುವುದು ತಾನು ಗೆಲ್ಲುವುದಕ್ಕೆ ಮಾತ್ರ.

ಎರಡನೆಯದು, ಬದುಕೆಲ್ಲ ಅಪಾಯವೇ ಅಲ್ಲವೇ, ರೈತನೂ ಜೂಜಾಡುವುದಿಲ್ಲವೇ? ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ನಿಂತು ಆಡುವವನಿಗೆ ಸ್ವಲ್ಪ ನಾಚಿಕೆ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳವರು ನಿದ್ದೆಯಿಲ್ಲದೆ ಕಳೆದರು. ತುಂಬಿದ ಜಲಾಶಯ ಕಣ್ಣೆದುರೇ ಖಾಲಿಯಾಗುತ್ತಿತ್ತು. ಅದು ಅಪಾಯ. ಆದರೆ ಆ ಅಪಾಯವನ್ನು ಯಾವ ರೈತನೂ ಸೃಷ್ಟಿಸಿರಲಿಲ್ಲ. ಒಬ್ಬನ ಗದ್ದೆ ಒಣಗಿದರೆ ಇನ್ನೊಬ್ಬನ ಗದ್ದೆ ತುಂಬುವಂತಿರಲಿಲ್ಲ. ಎಲ್ಲರೂ ಒಂದೇ ದುಆ ಮಾಡಿದರು, ಹಿಂದೂಗಳೂ ಮುಸ್ಲಿಮರೂ ಒಂದೇ ಗೇಟಿನತ್ತ ನೋಡಿದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿದ ತಂತ್ರಜ್ಞರ ಕೈಯಲ್ಲಿದ್ದುದಕ್ಕೆ ಕೌಶಲ ಎಂಬ ಹೆಸರು ಒಪ್ಪುತ್ತದೆ. ಕುಷ್ಟಗಿ, ಯಲಬುರ್ಗಾದ ಎರೆಹೊಲದಲ್ಲಿ ಮಳೆಯನ್ನೇ ನಂಬಿ ಕಡಲೆ ಬಿತ್ತುವವನು ಅಲ್ಲಾಹನ ಮೇಲೆ ಭರವಸೆಯಿಟ್ಟು ದುಡಿಯುತ್ತಾನೆ. ಬೆಳೆದರೆ ಊರು ಉಣ್ಣುತ್ತದೆ. ಜೂಜುಗಾರನು ಇಲ್ಲದ ಅಪಾಯವನ್ನು ತಾನೇ ಹುಟ್ಟಿಸಿ, ನೆರೆಯವನ ಸೋಲಿಗಾಗಿ ಕಾಯುತ್ತಾನೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಬೆವರಿಗೆ ಮಾಡುವ ಅವಮಾನ.

ಕಾನೂನು ಈಗ ಬದಲಾಗಿದೆ. ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂದು ಕೇಳದೆ ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೆ ಎರಡು ವರ್ಷ ಮತ್ತು 50 ಲಕ್ಷದವರೆಗೆ. ಆಡಿದವನನ್ನು ಶಿಕ್ಷಿಸದೆ ಬಲಿಪಶುವಾಗಿ ಕಾಣಲಾಗಿದೆ. ದೇಶದ ದೊಡ್ಡ ಪೋಕರ್ ಮತ್ತು ರಮ್ಮಿ ಆ್ಯಪುಗಳು ಹಣದ ಆಟವನ್ನು ನಿಲ್ಲಿಸಿದವು, ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅದೃಷ್ಟ-ಕೌಶಲಗಳ ಹಂಗಿಲ್ಲದೆ ಹಣದ ಪಣವನ್ನೇ ಅಳತೆಗೋಲಾಗಿಸಿದ ಈ ವಿಧಾನವು ಹದಿನಾಲ್ಕು ಶತಮಾನಗಳ ಹಿಂದಿನ ತತ್ವಕ್ಕೆ ಬಹಳ ಹತ್ತಿರವಿದೆ. ನಾವಿದನ್ನು ಸ್ವಾಗತಿಸೋಣ.

ಆದರೆ ಕಾಯ್ದೆ ಬಂತೆಂದು ನಮ್ಮ ಹೊಣೆ ಮುಗಿಯಿತೆಂದು ಭಾವಿಸುವುದು ಬೇಡ. ಕಡಲಾಚೆಯಿಂದ ನಡೆಯುವ ಆ್ಯಪುಗಳಿವೆ, ಟೆಲಿಗ್ರಾಂ ಗುಂಪುಗಳಿವೆ. ಕಾಯ್ದೆ ಇಂದು ಇರುತ್ತದೆ, ನಾಳೆ ತೀರ್ಪಿನಿಂದ ಬದಲಾದೀತು. ನ್ಯಾಯಾಲಯ ಅನುಮತಿಸಿದಾಗ ಹಲಾಲ್, ಸಂಸತ್ತು ನಿಷೇಧಿಸಿದಾಗ ಹರಾಮ್ ಎಂದು ನಮ್ಮ ಮಕ್ಕಳು ಭಾವಿಸಿದರೆ ಅವರ ಈಮಾನಿಗೆ ಬೇರೆಲ್ಲಿದೆ?

ಪ್ರಿಯ ಸಹೋದರರೇ, ಸಹೋದರಿಯರೇ, ಈ ಆಟದ ನಿಜವಾದ ಮೇಜು ಮೊಬೈಲಿನಲ್ಲಿಲ್ಲ, ಮನೆಯ ನಡುಮನೆಯಲ್ಲಿದೆ. ಅಲ್ಲಿ ಪಣಕ್ಕೆ ಬೀಳುವುದು ಹೆಂಡತಿಯ ಮಹ್ರ್‌ನ ಬಂಗಾರ, ತಂದೆ ಹಜ್‌ಗೆಂದು ಕೂಡಿಟ್ಟ ಹಣ, ತಂಗಿಯ ಕಾಲೇಜು ಶುಲ್ಕ, ಮಹಿಳಾ ಸಂಘದಿಂದ ತಾಯಿ ತನ್ನ ಹೆಸರಲ್ಲಿ ಎತ್ತಿದ ಸಾಲ. ಮಹ್ರ್ ಹೆಂಡತಿಯ ಸ್ವತ್ತು. ಅವಳ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಅದನ್ನು ಅಡವಿಡುವುದು ಸ್ವತಃ ಒಂದು ಅನ್ಯಾಯ. ಹೆಂಡತಿ ಮಕ್ಕಳ ನಿರ್ವಹಣೆ ಗಂಡನ ಮೇಲಿನ ಕಡ್ಡಾಯ ಹೊಣೆ. ಜೂಜುಗಾರನು ಮುರಿಯುವುದು ಒಂದು ನಿಷೇಧವನ್ನಲ್ಲ. ಒಟ್ಟಿಗೆ ನಾಲ್ಕೈದು ಜನರ ಹಕ್ಕನ್ನು.

ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಸೀದಿ ಕಮಿಟಿಗಳಿಗೆ ಕೆಲವು ಮಾತು ಹೇಳಲೇಬೇಕಾಗಿದೆ. ಜುಮಾ ಖುತ್ಬಾದಲ್ಲಿ ಅಂದರ್ ಬಾಹರನ್ನು ಬೈದು ಮೊಬೈಲ್ ಜೂಜಿನ ಬಗ್ಗೆ ಮೌನವಾಗುವುದನ್ನು ನಿಲ್ಲಿಸಿ. ಕೂಲಿಕಾರನ ಪಾಪಕ್ಕೆ ಒಂದು ದನಿ, ಪದವೀಧರನ ಪಾಪಕ್ಕೆ ಇನ್ನೊಂದು ದನಿ ಇರಬಾರದು. ಜೂಜಿನಿಂದ ಗೆದ್ದ ಹಣವೆಂದು ತಿಳಿದೂ ಅದರಿಂದ ಬಂದ ದೇಣಿಗೆಯನ್ನು ಮೈಕಿನಲ್ಲಿ ಹೊಗಳಬೇಡಿ. ಗಂಡನ ಜೂಜಿನ ಬಗ್ಗೆ ದೂರು ಹೇಳಲು ಬಂದ ಹೆಣ್ಣುಮಗಳಿಗೆ ಸಬ್ರ್ ಮಾಡು ಎಂದಷ್ಟೇ ಹೇಳಿ ಕಳುಹಿಸಬೇಡಿ. ಅವಳ ಬಂಗಾರ, ಅವಳ ಖಾತೆ, ಅವಳ ಸಹಿ ಇವುಗಳನ್ನು ರಕ್ಷಿಸುವುದು ಜಮಾಅತಿನ ಕರ್ತವ್ಯ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಸೇರಿದ್ದಾರೆ. ಪಾಪದಿಂದಾದ ಸಾಲಕ್ಕೆ ತೌಬಾದ ಬಳಿಕವೇ ನೆರವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಆ ಬಾಗಿಲನ್ನು ತೆರೆದಿಡಿ. ಸಾಲದಲ್ಲಿ ಮುಳುಗಿದವನು ಮೊದಲು ನೆನೆಯಬೇಕಾದುದು ಮಸೀದಿಯನ್ನು, ಬಡ್ಡಿ ಸಾಲದವನನ್ನೂ ಅಲ್ಲ, ಸಾವನ್ನೂ ಅಲ್ಲ.

ಪೋಷಕರಿಗೆ ಒಂದು ಮಾತು: ಜೋಡಿ ಎಲೆಯ ಸಾಧ್ಯತೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬಲ್ಲ ಹುಡುಗ ದಡ್ಡನಲ್ಲ. ಅದೇ ಲೆಕ್ಕದ ಶಕ್ತಿಗೆ ಗಂಗಾವತಿಯ ರೈಸ್ ಮಿಲ್ಲಿನ ದಾಸ್ತಾನು ಪುಸ್ತಕ, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆ, ಬ್ಯಾಂಕು, ವಿಮೆ, ಹವಾಮಾನ, ವೈದ್ಯಕೀಯ ಸಂಶೋಧನೆಗಳು ಕಾಯುತ್ತಿವೆ. ಸಂಖ್ಯಾಶಾಸ್ತ್ರ ಅಲ್ಲಾಹನು ಮನುಷ್ಯನಿಗೆ ನೀಡಿದ ಬುದ್ಧಿಯ ಫಲ. ಅದನ್ನು ಮಗನಿಂದ ಕಿತ್ತುಕೊಳ್ಳಬೇಡಿ; ಅದಕ್ಕೆ ಯೋಗ್ಯವಾದ ಕೆಲಸ ಹುಡುಕಿಕೊಡಿ. ಮೊಬೈಲ್ ಒಡೆದು ಹಾಕುವುದರಿಂದ ಜೂಜು ಹೋಗದು. ರಾತ್ರಿ ಅವನ ಪಕ್ಕದಲ್ಲಿ ಕುಳಿತು, ಆರು ಸಾವಿರ ಹೇಗೆ ಐದು ಸಾವಿರವಾಗುತ್ತದೆಂದು ಅವನದೇ ಲೆಕ್ಕದಲ್ಲಿ ತೋರಿಸಿ. ಸೋತ ಐವರ ಮನೆಗಳಲ್ಲಿ ಅಂದು ಏನು ಬೇಯುತ್ತದೆಂದು ಕೇಳಿ.

ಜೂಜಿನ ನಿಷೇಧವನ್ನು ಪೂರ್ಣಗೊಳಿಸಿದ ಸೂಕ್ತವು ಆಜ್ಞೆಯೊಂದಿಗೆ ಅಲ್ಲ, ಒಂದು ಪ್ರಶ್ನೆಯೊಂದಿಗೆ ಕೊನೆಗೊಳ್ಳುತ್ತದೆ: ಇನ್ನಾದರೂ ನಿಲ್ಲಿಸುವಿರಾ ಎಂಬ ಅರ್ಥದ ಪ್ರಶ್ನೆ. ಅದನ್ನು ಕೇಳಿದ ಉಮರ್(ರ) ನಾವು ನಿಲ್ಲಿಸಿದೆವು ಎಂದು ಉತ್ತರಿಸಿದರೆಂದು ವರದಿಗಳಲ್ಲಿದೆ. ಇದರಲ್ಲಿ ಕೌಶಲವೂ ಇದೆಯಲ್ಲ ಎಂದು ಅವರು ಮರುಪ್ರಶ್ನೆ ಹಾಕಲಿಲ್ಲ. ಆ ಪ್ರಶ್ನೆ ಈಗಲೂ ನಮ್ಮ ಮುಂದೆ ತೆರೆದೇ ಇದೆ. ಉತ್ತರಿಸಬೇಕಾದವರು ನಾವು. ಸರ್ವಶಕ್ತನಾದ ಅಲ್ಲಾಹನು ನಮ್ಮ ಸಂಪಾದನೆಯನ್ನೂ ಸಂತತಿಯನ್ನೂ ಶುದ್ಧವಾಗಿರಿಸಲಿ. ಆಮೀನ್.